ದೇಶಭ್ರಷ್ಟ ಕಾದಂಬರಿಕಾರನೂ ಪುರಾಣವಿದ್ವಾಂಸನೂ: ಥಾಮಸ್ ಮಾನ್–ಕಾರ್ಲ್ ಕೆರೇನಿ ಪತ್ರವ್ಯವಹಾರದ ಚಾರಿತ್ರಿಕ ಮಹತ್ತ್ವ

೧

ಚರಿತ್ರಕಾರನಿಗೆ ದೊರೆಯುವ ಲಿಖಿತ ಆಧಾರಗಳಲ್ಲಿ ಖಾಸಗಿ ಪತ್ರಗಳಿಗೆ ಒಂದು ವಿಶಿಷ್ಟ ಸ್ಥಾನವುಂಟು. ಶಾಸನದಲ್ಲಿ ಆಳುವವರ ಮಾತಿರುತ್ತದೆ. ಕಡತದಲ್ಲಿ ಕಚೇರಿಯ ಮಾತಿರುತ್ತದೆ. ಪತ್ರವಾದರೋ ಒಬ್ಬನು ಮತ್ತೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದುದರಿಂದ ಬಹಿರಂಗದಲ್ಲಿ ಮಾತನಾಡಲಾಗದ, ಅಥವಾ ಮಾತನಾಡಲೊಲ್ಲದ ಕಾಲದಲ್ಲಿ ಒಬ್ಬ ವ್ಯಕ್ತಿಯ ನಿಜವಾದ ಅಭಿಪ್ರಾಯವೇನಿದ್ದಿತೆಂಬುದನ್ನು ತಿಳಿಯಬೇಕಾದರೆ ಅವನ ಪತ್ರಗಳನ್ನು ಮೊರೆಹೋಗುವುದು ಅನಿವಾರ್ಯವಾಗುತ್ತದೆ.

ಇಂತಹ ಆಧಾರಗಳಲ್ಲಿ ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ (೧೮೭೫–೧೯೫೫) ಮತ್ತು ಹಂಗೆರಿಯ ಪುರಾಣವಿದ್ವಾಂಸ ಕಾರ್ಲ್ ಕೆರೇನಿ (೧೮೯೭–೧೯೭೩) ಇವರ ಪತ್ರವ್ಯವಹಾರವೂ ಒಂದು. ೧೯೩೪ರ ಜನವರಿಯಲ್ಲಿ ತೊಡಗಿದ ಈ ಸಂವಾದವು ಮಾನ್‌ನ ಕೊನೆಗಾಲದವರೆಗೂ ನಡೆದುಬಂದಿತು. ಇದರ ಮೊದಲ ಭಾಗವನ್ನು ಕೆರೇನಿಯೇ ೧೯೪೫ರಲ್ಲಿ ಜೂರಿಕ್ ನಗರದಲ್ಲಿ ಗ್ರಂಥರೂಪದಲ್ಲಿ ಹೊರತಂದನು. ತರುವಾಯದ ಪತ್ರಗಳನ್ನೂ ಒಳಗೊಂಡ ಸಂಪುಟವು ೧೯೬೦ರಲ್ಲಿ ಅಲ್ಲಿಯೇ ಬೆಳಕು ಕಂಡಿತು. ಇಂಗ್ಲಿಷ್ ಅನುವಾದವು ೧೯೭೫ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸಾಹಿತ್ಯವಿಮರ್ಶಕರು ಈ ಪತ್ರಗಳನ್ನು ಮಾನ್‌ನ ಯೋಸೇಫ ಕಾದಂಬರಿಯ ವ್ಯಾಖ್ಯಾನಕ್ಕಾಗಿ ಬಳಸಿಕೊಂಡಿದ್ದಾರೆ. ಪ್ರಕೃತ ಲೇಖನದ ಉದ್ದೇಶ ಬೇರೆ. ಒಂದು ಪ್ರಭುತ್ವವು ಪುರಾಣವನ್ನೇ ಆಯುಧವನ್ನಾಗಿ ಹಿಡಿದಾಗ, ಅದೇ ಪುರಾಣವನ್ನು ಓದುವ ವಿದ್ವಾಂಸನ ಮತ್ತು ಬರೆಯುವ ಲೇಖಕನ ಹೊಣೆ ಏನೆಂಬ ಪ್ರಶ್ನೆಗೆ ಈ ಪತ್ರಗಳು ಕೊಡುವ ಉತ್ತರವನ್ನು ಪರಿಶೀಲಿಸುವುದೇ ಇಲ್ಲಿಯ ಪ್ರಯತ್ನ.

೨

ಮೊದಲು ಸಂದರ್ಭವನ್ನು ನೆನೆಯುವುದು ಅಗತ್ಯ. ೧೯೨೯ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಮಾನ್, ೧೯೩೦ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ಭಾಷಣದಲ್ಲಿ ನಾಜಿ ಪಕ್ಷದ ವಿರುದ್ಧ ತನ್ನ ದೇಶೀಯರನ್ನು ಎಚ್ಚರಿಸಿದ್ದನು. ೧೯೩೩ರ ಜನವರಿ ೩೦ರಂದು ಹಿಟ್ಲರನು ಪ್ರಧಾನಿಯಾದನು. ಫೆಬ್ರವರಿ ೧೦ರಂದು ಮಾನ್ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಸಂಗೀತಕಾರ ವಾಗ್ನರನನ್ನು ಕುರಿತು ಉಪನ್ಯಾಸ ಮಾಡಿ, ಮರುದಿನ ಅದೇ ಉಪನ್ಯಾಸಕ್ಕಾಗಿ ಹೊರದೇಶಗಳಿಗೆ ಹೊರಟನು. ಆ ಪ್ರವಾಸದಿಂದ ಅವನು ಮನೆಗೆ ಮರಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಮ್ಯೂನಿಕ್ಕಿನ ಗಣ್ಯರನೇಕರು ಆ ಉಪನ್ಯಾಸವನ್ನು ಖಂಡಿಸಿ ಬಹಿರಂಗ ಪ್ರತಿಭಟನೆಗೆ ಸಹಿಮಾಡಿದರು. ಯೋಸೇಫ ಕಾದಂಬರಿಯ ಹಸ್ತಪ್ರತಿಯನ್ನು ಮಗಳು ಎರಿಕಾ ಮ್ಯೂನಿಕ್ಕಿನ ಮನೆಯಿಂದ ತಂದುಕೊಟ್ಟಳು. ಫ್ರಾನ್ಸಿನ ದಕ್ಷಿಣತೀರದಲ್ಲಿ ಬೇಸಗೆಯನ್ನು ಕಳೆದು, ಆ ವರ್ಷದ ಶರತ್ಕಾಲದಲ್ಲಿ ಮಾನ್ ಜೂರಿಕ್ಕಿಗೆ ಸಮೀಪದ ಕ್ಯೂಸ್ನಾಖ್ಟ್ ಎಂಬಲ್ಲಿ ನೆಲೆಸಿದನು.

ಇಲ್ಲಿ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ. ೧೯೩೩ರಿಂದ ೧೯೩೬ರ ಆರಂಭದವರೆಗೆ ಸುಮಾರು ಮೂರು ವರ್ಷಗಳ ಕಾಲ ಮಾನ್ ಹೊಸ ಪ್ರಭುತ್ವದ ವಿರುದ್ಧ ಬಹಿರಂಗವಾಗಿ ಮಾತನಾಡಲಿಲ್ಲ. ಅವನ ಪುಸ್ತಕಗಳು ಆಗ ಜರ್ಮನಿಯಲ್ಲಿಯೇ ಅಚ್ಚಾಗುತ್ತಿದ್ದುವು. ಅಲ್ಲಿಯ ಓದುಗರೊಡನೆ ಸಂಬಂಧವನ್ನು ಕಡಿದುಕೊಳ್ಳಲು ಅವನು ಹಿಂದೆಗೆದನು. ಇದಕ್ಕಾಗಿ ದೇಶ ಬಿಟ್ಟ ಇತರ ಲೇಖಕರಿಂದಲೂ, ತನ್ನ ಮಕ್ಕಳಿಂದಲೂ ಅವನು ಆಕ್ಷೇಪಣೆಯನ್ನು ಕೇಳಬೇಕಾಯಿತು. ೧೯೩೬ರ ಫೆಬ್ರವರಿ ೩ರಂದು ಜೂರಿಕ್ಕಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಬಹಿರಂಗ ಪತ್ರದಲ್ಲಿ ತಾನೂ ದೇಶಭ್ರಷ್ಟರ ಪಂಗಡಕ್ಕೇ ಸೇರಿದವನೆಂದು ಅವನು ಘೋಷಿಸಿದನು. ಕೆರೇನಿಗೆ ಬರೆದ ಮೊದಲ ಪತ್ರಗಳು ಈ ಮೌನದ ಅವಧಿಗೆ ಸೇರಿದುವು. ಬಹಿರಂಗದಲ್ಲಿ ಸುಮ್ಮನಿದ್ದವನು ಒಳಗೆ ಏನನ್ನು ಆಲೋಚಿಸುತ್ತಿದ್ದನೆಂಬುದಕ್ಕೆ ಅವು ಸಾಕ್ಷಿ.

೩

ಕೆರೇನಿ ಹುಟ್ಟಿದ್ದು ಆಗ ಹಂಗೆರಿಗೆ ಸೇರಿದ್ದ, ಇಂದು ರುಮೇನಿಯದಲ್ಲಿರುವ ತೆಮೆಶ್ವಾರ್ ನಗರದಲ್ಲಿ. ಗ್ರೀಕ್–ಲ್ಯಾಟಿನ್ ಭಾಷಾಶಾಸ್ತ್ರದಲ್ಲಿ ಶಿಕ್ಷಣ ಪಡೆದ ಅವನು, ೧೯೨೭ರಲ್ಲಿ ಗ್ರೀಕ್ ರಮ್ಯಕಥೆಗಳ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದನು. ಆ ಕಥೆಗಳಲ್ಲಿ ಬರುವ ಅಗಲಿಕೆ, ಸಂಕಟ, ಸತ್ತಂತೆ ತೋರಿ ಮತ್ತೆ ಬದುಕುವುದು—ಇವೆಲ್ಲದರ ಹಿಂದೆ ಈಜಿಪ್ಟಿನ ಐಸಿಸ್–ಒಸೈರಿಸ್ ಕಥೆಯ ಛಾಯೆಯಿದೆಯೆಂಬುದು ಅವನ ಸಿದ್ಧಾಂತ. ಈ ಸಿದ್ಧಾಂತವನ್ನು ಮುಂದಿನ ವಿದ್ವಾಂಸರೆಲ್ಲರೂ ಒಪ್ಪಿಲ್ಲ. ಆದರೆ ಮಾನ್‌ಗೆ ಅದು ಎಷ್ಟು ಸಮೀಪದ ವಿಷಯವಾಗಿತ್ತೆಂಬುದನ್ನು ಊಹಿಸುವುದು ಸುಲಭ. ೧೯೨೬ರಿಂದ ಅವನು ಬರೆಯುತ್ತಿದ್ದ ಯೋಸೇಫ ಕಾದಂಬರಿಯಲ್ಲಿ ಅಣ್ಣಂದಿರು ಹಾಳುಬಾವಿಗೆ ನೂಕಿದ ತರುಣನು ಮೇಲೆದ್ದು ಬರುವುದು ಕೇವಲ ಒಬ್ಬನ ಜೀವನದ ಘಟನೆಯಲ್ಲ. ಸತ್ತು ಹುಟ್ಟುವ ದೇವತೆಗಳ ಪ್ರಾಚೀನ ಕಥೆಯ ಪುನರಾವೃತ್ತಿ. ಇಬ್ಬರೂ ಪರಸ್ಪರ ಅರಿಯದೆಯೇ ಒಂದೇ ಹೊಲವನ್ನು ಉಳುತ್ತಿದ್ದರೆನ್ನಬಹುದು.

ಪತ್ರವ್ಯವಹಾರವು ತೊಡಗಿದುದು ಕೆರೇನಿಯ ಒಂದು ಉಪನ್ಯಾಸದ ಪ್ರತಿಯಿಂದ. ಗ್ರೀಕರ ಅಪೊಲೊ ದೇವತೆಯನ್ನೂ ಅಮರತ್ವದ ಕಲ್ಪನೆಯನ್ನೂ ಕುರಿತ ಆ ಉಪನ್ಯಾಸವನ್ನು ಅವನು ಮಾನ್‌ಗೆ ಕಳುಹಿಸಿಕೊಟ್ಟನು. ಮಾನ್ ೧೯೩೪ರ ಜನವರಿ ೨೭ರಂದು ಕ್ಯೂಸ್ನಾಖ್ಟಿನಿಂದ ಉತ್ತರ ಬರೆದನು. ಅಪೊಲೊವನ್ನು ಬೆಳಕಿನ, ಅಳತೆಯ, ವಿವೇಕದ ದೇವತೆಯೆಂದು ಮಾತ್ರ ತಿಳಿದಿದ್ದವರಿಗೆ ಅವನ ಇನ್ನೊಂದು ಮುಖವನ್ನು, ಕತ್ತಲೆಯ ಮತ್ತು ಮೃತ್ಯುವಿನ ಮುಖವನ್ನು, ಕೆರೇನಿ ತೋರಿಸಿಕೊಟ್ಟಿದ್ದನು. ಬೆಳಕಿನೊಳಗೇ ಕತ್ತಲೆಯಿದೆಯೆಂಬ ಈ ವಿಚಾರವು ಮಾನ್‌ನ ಮನಸ್ಸನ್ನು ಬಲವಾಗಿ ಸೆಳೆಯಿತು.

ಆ ವರ್ಷವೇ ಕೆರೇನಿಯು ಪೇಚ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ೧೯೩೫ರಿಂದ ಅವನು ಹೊರತಂದ ಪತ್ರಿಕೆಯ ಹೆಸರು 'ಸಿಗೆತ್', ಎಂದರೆ 'ದ್ವೀಪ'. ಸುತ್ತಲೂ ಉಬ್ಬರವೇರುತ್ತಿದ್ದ ಕಾಲದಲ್ಲಿ ಆ ಹೆಸರು ಅರ್ಥವತ್ತಾದುದೆಂದು ಬೇರೆ ಹೇಳಬೇಕಾಗಿಲ್ಲ.

೪

ಮಾನ್ ೧೯೩೪ರ ಫೆಬ್ರವರಿ ೨೦ರಂದು ಬರೆದ ಪತ್ರವು ಈ ಸಂಗ್ರಹದಲ್ಲಿಯೇ ಅತ್ಯಂತ ಮುಖ್ಯವಾದುವುಗಳಲ್ಲೊಂದು. ಅದರ ತಿರುಳನ್ನು ಸಂಗ್ರಹಿಸಬಹುದಾದರೆ ಎರಡು ಮಾತುಗಳಾಗುತ್ತವೆ. ಪುರಾಣದಲ್ಲಿ ತನಗೆ ಆಸಕ್ತಿ ಹುಟ್ಟಿದುದು ವಯಸ್ಸಿನೊಡನೆ. ಯೌವನದಲ್ಲಿ ವ್ಯಕ್ತಿವಿಶೇಷಗಳ, ನಾಗರಿಕ ಕುಟುಂಬಗಳ ಕಥೆಯನ್ನು ಬರೆದವನಿಗೆ ಈಗ ಎಲ್ಲ ಮನುಷ್ಯರಿಗೂ ಸಾಮಾನ್ಯವಾದ, ಕಾಲಕಾಲಕ್ಕೆ ಮರುಕಳಿಸುವ ಸಂಗತಿಗಳು ರುಚಿಸುತ್ತಿವೆ ಎಂಬುದು ಮೊದಲನೆಯದು. ಆದರೆ ಬುದ್ಧಿಯನ್ನು ಹಳಿದು, ರಕ್ತ, ನೆಲ, ಮೂಲಪ್ರವೃತ್ತಿಗಳನ್ನು ಹೊಗಳುವ ಸಮಕಾಲೀನ ಗೀಳಿಗೆ ತಾನು ಮಿತ್ರನಲ್ಲ, ಅದರ ಫಲವನ್ನು ಮೊದಲೇ ಕಂಡು ಅಂಜಿದವನು ತಾನು ಎಂಬುದು ಎರಡನೆಯದು. ದೋಣಿ ಬಲಕ್ಕೆ ಮಗುಚುವಂತಾದರೆ ತಾನು ತಾನಾಗಿಯೇ ಎಡಕ್ಕೆ ವಾಲುವವನು, ಎಡಕ್ಕೆ ಮಗುಚುವಂತಾದರೆ ಬಲಕ್ಕೆ ವಾಲುವವನು ಎಂಬ ಅವನ ಪ್ರಸಿದ್ಧವಾದ ಹೋಲಿಕೆಯೂ ಈ ಪತ್ರದ್ದೇ. ೧೯೧೮ರಲ್ಲಿ ಸಂಪ್ರದಾಯಪಕ್ಷವನ್ನು ಹಿಡಿದು ದೊಡ್ಡ ಗ್ರಂಥವನ್ನು ಬರೆದವನು ೧೯೨೨ರಲ್ಲಿ ಗಣರಾಜ್ಯದ ಪರವಾಗಿ ನಿಂತುದನ್ನು ಬಲ್ಲವರಿಗೆ ಈ ಹೋಲಿಕೆ ಬರಿಯ ಚಮತ್ಕಾರವಾಗಿ ತೋರದು.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತು? 'ಪುರಾಣ' ಎಂಬ ಶಬ್ದವು ಆಗ ಜರ್ಮನಿಯಲ್ಲಿ ನಿರಪಾಯವಾಗಿ ಉಳಿದಿರಲಿಲ್ಲ. ನಾಜಿ ಪಕ್ಷದ ತತ್ತ್ವಪ್ರವರ್ತಕ ಆಲ್ಫ್ರೆಡ್ ರೋಸೆನ್‌ಬರ್ಗನು ೧೯೩೦ರಲ್ಲಿ ಪ್ರಕಟಿಸಿದ ಜನಾಂಗವಾದದ ಗ್ರಂಥದ ಶೀರ್ಷಿಕೆಯಲ್ಲಿಯೇ ಅದು ಇಪ್ಪತ್ತನೆಯ ಶತಮಾನದ ಪುರಾಣವೆಂಬ ಘೋಷಣೆಯಿತ್ತು. ವಿದ್ವತ್ತಿನ ಆವರಣದಲ್ಲಿಯೂ ಇಂತಹ ಒಲವು ಕಾಣಿಸಿಕೊಂಡಿತ್ತು. ಆಲ್ಫ್ರೆಡ್ ಬಾಯ್ಮ್‌ಲರನು ೧೯೨೬ರಲ್ಲಿ ಬಾಖೋಫೆನನ ಪುರಾಣಸಂಶೋಧನೆಗಳ ಸಂಗ್ರಹಕ್ಕೆ ಬರೆದ ದೀರ್ಘ ಪ್ರಸ್ತಾವನೆಯಲ್ಲಿ ಕತ್ತಲೆಯ ಆರಾಧನೆ ಇಣುಕುವುದನ್ನು ಕಂಡು ಮಾನ್ ಅದೇ ವರ್ಷ ಟೀಕಿಸಿದ್ದನು. ಏಳು ವರ್ಷಗಳ ಬಳಿಕ ಬಾಯ್ಮ್‌ಲರನು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ನಾಜಿ ಶಿಕ್ಷಣತತ್ತ್ವದ ಪ್ರಾಧ್ಯಾಪಕನಾದನು. ಪುರಾಣದ ಆಳಕ್ಕೆ ಇಳಿಯುವ ದಾರಿ ಎಲ್ಲಿಗೆ ಕೊಂಡೊಯ್ಯಬಹುದೆಂಬುದಕ್ಕೆ ಮಾನ್‌ನ ಕಣ್ಣೆದುರಿಗೇ ನಿದರ್ಶನವಿತ್ತು.

ಕೆರೇನಿಯ ನಿಲುವು ಇದಕ್ಕಿಂತ ಕೊಂಚ ಭಿನ್ನವಾದುದು. ಗ್ರೀಕ್ ದೇವತೆಗಳನ್ನು ಬರಿಯ ಕಲ್ಪನೆಗಳೆಂದಲ್ಲ, ಲೋಕದ ಸತ್ಯಸ್ವರೂಪಗಳೆಂದು ಕಾಣಬೇಕೆಂದು ಬೋಧಿಸಿದ ವಾಲ್ಟರ್ ಎಫ್. ಒಟ್ಟೋ ಎಂಬ ವಿದ್ವಾಂಸನ ಪ್ರಭಾವಕ್ಕೆ ಅವನು ಒಳಗಾಗಿದ್ದನು. ಯೂರೋಪಿನ ಚೇತನವು ಪುರಾಣದ ಕಡೆಗೆ ಮರಳುವುದನ್ನು ಅವನು ಸಂತೋಷದಿಂದ ಕಂಡನು, ಡಿ. ಎಚ್. ಲಾರೆನ್ಸ್ ಮುಂತಾದ ಲೇಖಕರಲ್ಲಿ ಅದರ ಗುರುತುಗಳನ್ನು ಹುಡುಕಿದನು. ಮಾನ್ ಈ ಉತ್ಸಾಹಕ್ಕೆ ತಣ್ಣೀರೆರಚಲಿಲ್ಲ. ಅದಕ್ಕೊಂದು ಅಂಕೆಯನ್ನು ಮಾತ್ರ ಸೂಚಿಸಿದನು. ವಿದ್ವಾಂಸನು ಲೇಖಕನಿಗೆ ಆಕರಗಳನ್ನು ಒದಗಿಸಿದನು; ಲೇಖಕನು ವಿದ್ವಾಂಸನಿಗೆ ಆ ಆಕರಗಳ ಕಾಲಧರ್ಮವನ್ನು ನೆನಪಿಸಿದನು. ಪತ್ರಗಳ ಪೂರ್ವಾರ್ಧದ ನಿಜವಾದ ವ್ಯವಹಾರ ಇದೇ. ಇಬ್ಬರ ಬರವಣಿಗೆಯಲ್ಲಿಯೂ ಮತ್ತೆ ಮತ್ತೆ ಸುಳಿಯುವ ದೇವತೆ ಹೆರ್ಮೆಸ್. ಮೇಲುಲೋಕ ಕೆಳಲೋಕಗಳ ನಡುವೆ ಸಂಚರಿಸುವ ದೂತನೂ, ಚತುರನೂ, ದಾರಿಗರ ರಕ್ಷಕನೂ ಆದ ಹೆರ್ಮೆಸ್. ಮಾನ್‌ನ ಯೋಸೇಫನು ಕಾದಂಬರಿಯ ಕೊನೆಯ ಸಂಪುಟದಲ್ಲಿ ಧಾನ್ಯವನ್ನು ಕೂಡಿಟ್ಟು ಕ್ಷಾಮದಲ್ಲಿ ಜನರನ್ನು ಪೋಷಿಸುವ ಜಾಣ ಆಡಳಿತಗಾರನಾಗಿ ನಿಂತಾಗ ಅವನ ಹಿಂದೆ ಈ ದೇವತೆಯ ನೆರಳು ಬೀಳುತ್ತದೆ. ರಣವೀರನಲ್ಲದ, ರಕ್ತಶುದ್ಧಿಯನ್ನು ಸಾರದ, ಪರದೇಶದಲ್ಲಿ ಅನ್ನವಿಕ್ಕುವ ನಾಯಕ ಅವನು. ಆ ಕಾಲದ ಜರ್ಮನಿಯಲ್ಲಿ ಪುರಾಣದ ಹೆಸರಿನಿಂದ ಮೆರೆಸಲಾಗುತ್ತಿದ್ದ ವೀರನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರತ್ಯುತ್ತರವನ್ನು ಕಲ್ಪಿಸುವುದು ಕಷ್ಟ.

೫

ಇದೇ ಅವಧಿಯ ಇನ್ನೊಂದು ಪತ್ರವ್ಯವಹಾರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೯೩೬ರ ನವೆಂಬರ್‌ನಲ್ಲಿ ಮಾನ್ ಜೆಕೊಸ್ಲೊವಾಕಿಯದ ಪೌರತ್ವವನ್ನು ಪಡೆದನು. ಡಿಸೆಂಬರ್ ೨ರಂದು ಜರ್ಮನ್ ಸರಕಾರವು ಅವನ ಪೌರತ್ವವನ್ನು ಕಿತ್ತುಕೊಂಡಿತು. ಅದರ ಬೆನ್ನಿಗೇ, ಡಿಸೆಂಬರ್ ೧೯ರಂದು, ಬಾನ್ ವಿಶ್ವವಿದ್ಯಾಲಯದ ನಿಕಾಯದ ಮುಖ್ಯಸ್ಥನು, ೧೯೧೯ರಲ್ಲಿ ತಾವು ಕೊಟ್ಟಿದ್ದ ಗೌರವ ಡಾಕ್ಟರೇಟ್ ಪದವಿಯ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಲಾಗಿದೆಯೆಂದು ಕೆಲವೇ ಸಾಲುಗಳಲ್ಲಿ ತಿಳಿಸಿದನು. ೧೯೩೭ರ ಹೊಸವರ್ಷದ ದಿನದ ತಾರೀಖಿನಲ್ಲಿ ಮಾನ್ ಬರೆದ ದೀರ್ಘವಾದ ಉತ್ತರವು ಜೂರಿಕ್ಕಿನಲ್ಲಿ ಕಿರುಹೊತ್ತಗೆಯಾಗಿ ಅಚ್ಚಾಗಿ, ಬೇರೆ ಹೆಸರಿನ ಹೊದಿಕೆಯನ್ನು ಹೊತ್ತು ಗುಪ್ತವಾಗಿ ಜರ್ಮನಿಯನ್ನೂ ಪ್ರವೇಶಿಸಿತು. ಪ್ರಭುತ್ವವನ್ನು ಯುದ್ಧದತ್ತ ಸಾಗುತ್ತಿರುವ ಶಕ್ತಿಯೆಂದು ಗುರುತಿಸಿದ ಆ ಉತ್ತರವು, ವಿಶ್ವವಿದ್ಯಾಲಯಗಳ ತಪ್ಪಿನ ಪಾಲನ್ನೂ ಮುಚ್ಚಿಡದೆ ನುಡಿಯಿತು.

ಎರಡು ಪತ್ರವ್ಯವಹಾರಗಳನ್ನೂ ಹೋಲಿಸಿದಾಗ ಒಂದು ಸತ್ಯವು ಹೊಳೆಯುತ್ತದೆ. ಸಂಸ್ಥೆಯಾಗಿ ಒಂದು ವಿಶ್ವವಿದ್ಯಾಲಯವು ಲೇಖಕನಿಗೆ ಬಾಗಿಲು ಮುಚ್ಚಿದ ಕಾಲದಲ್ಲಿ, ವಿಶ್ವವಿದ್ಯಾಲಯದ ನಿಜವಾದ ಕಾರ್ಯವು—ಗ್ರಂಥಗಳನ್ನು ಹಂಚಿಕೊಳ್ಳುವುದು, ಸಿದ್ಧಾಂತಗಳನ್ನು ಒರೆಗೆ ಹಚ್ಚುವುದು, ಭಿನ್ನಾಭಿಪ್ರಾಯವನ್ನು ಸೌಜನ್ಯದಿಂದ ಹೇಳುವುದು—ಇಬ್ಬರ ಅಂಚೆಯಲ್ಲಿ ಸಾಗುತ್ತಿತ್ತು. ಪದವಿಯ ಪಟ್ಟಿಯಿಂದ ಹೆಸರನ್ನು ಅಳಿಸಿದವರು ಪ್ರಾಧ್ಯಾಪಕರೇ. ಪುಸ್ತಕಗಳನ್ನು ಕಟ್ಟಿ ಕಳುಹಿಸುತ್ತಿದ್ದವನೂ ಪ್ರಾಧ್ಯಾಪಕನೇ.

ಹಂಗೆರಿಯ ವಾತಾವರಣವೂ ನಿರಾತಂಕವಾಗಿರಲಿಲ್ಲ. ೧೯೩೭ರ ಜನವರಿ ೧೩ರಂದು ಬೂಡಾಪೆಸ್ಟಿನಲ್ಲಿ ಮಾನ್ ತನ್ನ ಕೃತಿಯನ್ನು ಓದಿದ ಸಭೆಯಲ್ಲಿ, ಅವನನ್ನು ಸ್ವಾಗತಿಸಿ ಕವಿ ಆತಿಲ ಯೋಜೆಫ್ ಬರೆದಿದ್ದ ಕವಿತೆಯನ್ನು ವಾಚಿಸಲು ಪೊಲೀಸರು ಅವಕಾಶ ಕೊಡಲಿಲ್ಲ. ದೇಶಭ್ರಷ್ಟನಾದ ಜರ್ಮನನಿಗೆ ಪತ್ರ ಬರೆಯುವುದು ಅಂತಹ ದೇಶದ ಪ್ರಾಧ್ಯಾಪಕನೊಬ್ಬನಿಗೆ ಪೂರ್ಣವಾಗಿ ಖಾಸಗಿಯಾದ ವಿಷಯವಾಗಿ ಉಳಿಯುವುದು ಸಾಧ್ಯವಿರಲಿಲ್ಲ.

೬

೧೯೩೮ರಲ್ಲಿ ಮಾನ್ ಅಮೆರಿಕಕ್ಕೆ ಹೋಗಿ ಪ್ರಿನ್ಸ್‌ಟನ್‌ನಲ್ಲಿಯೂ, ೧೯೪೧ರಿಂದ ಕ್ಯಾಲಿಫೋರ್ನಿಯದಲ್ಲಿಯೂ ವಾಸಿಸಿದನು. ಈ ಹಂತದಲ್ಲಿ ಭಾರತೀಯ ಪುರಾಣವೂ ಈ ಕಥೆಯೊಳಗೆ ಪ್ರವೇಶಿಸುತ್ತದೆ. ಅದಕ್ಕೆ ದ್ವಾರವಾದವನು ಹೈಡೆಲ್‌ಬರ್ಗಿನ ಭಾರತಶಾಸ್ತ್ರಜ್ಞ ಹೈನ್‌ರಿಖ್ ಜಿಮ್ಮರ್ (೧೮೯೦–೧೯೪೩). ಪತ್ನಿಯು ಯೆಹೂದ್ಯ ಮೂಲವುಳ್ಳ ಮನೆತನದವಳೆಂಬ ಕಾರಣಕ್ಕೆ ಅವನು ೧೯೩೮ರಲ್ಲಿ ಅಧ್ಯಾಪನವನ್ನು ಕಳೆದುಕೊಂಡು, ಇಂಗ್ಲೆಂಡಿನ ಮೂಲಕ ಅಮೆರಿಕವನ್ನು ಸೇರಿದನು. ಅವನು ಭಾರತದ ಜಗನ್ಮಾತೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ದೇವಿಯ ಗುಡಿಯಲ್ಲಿ ಇಬ್ಬರ ತಲೆಗಳು ಅದಲುಬದಲಾದ ಬೇತಾಳಕಥೆಯನ್ನು ಓದಿ, ಮಾನ್ ೧೯೪೦ರಲ್ಲಿ ಅದನ್ನು ಸಣ್ಣ ಕಾದಂಬರಿಯಾಗಿ ಬೆಳೆಸಿದನು. ಮರುವರ್ಷ ಬಂದ ಅದರ ಇಂಗ್ಲಿಷ್ ಅನುವಾದವನ್ನು ಜಿಮ್ಮರ್‌ಗೇ ಅರ್ಪಿಸಿದನು. ಬೇತಾಳನ ಒಗಟಿನಲ್ಲಿ ತಲೆಯೇ ಶ್ರೇಷ್ಠವೆಂಬ ತೀರ್ಪಿನೊಡನೆ ಕಥೆ ಮುಗಿದರೆ, ಮಾನ್‌ನಲ್ಲಿ ತಲೆಯು ದೇಹವನ್ನೂ ದೇಹವು ತಲೆಯನ್ನೂ ಮಾರ್ಪಡಿಸುತ್ತ ಸಮಸ್ಯೆಯು ತೀರ್ಪಿನಾಚೆಗೂ ಉಳಿಯುತ್ತದೆ. ಗಿರೀಶ ಕಾರ್ನಾಡರ 'ಹಯವದನ' ನಾಟಕವು (೧೯೭೧) ಮಾನ್‌ನ ಈ ಕಥನಕ್ಕೆ ಋಣಿಯೆಂಬುದು ಕನ್ನಡ ಓದುಗರಿಗೆ ತಿಳಿದದ್ದೇ. ಸಂಸ್ಕೃತದಿಂದ ಜರ್ಮನಿಗೆ, ಅಲ್ಲಿಂದ ಕನ್ನಡದ ರಂಗಭೂಮಿಗೆ ಈ ಕಥೆ ನಡೆದ ದಾರಿಯ ನಡುವೆ ಪದಚ್ಯುತನಾದ ಒಬ್ಬ ವಿದ್ವಾಂಸನೂ ದೇಶಭ್ರಷ್ಟನಾದ ಒಬ್ಬ ಲೇಖಕನೂ ನಿಂತಿದ್ದಾರೆ.

ಕೆರೇನಿಯೂ ಜಿಮ್ಮರ್‌ನ ಬರಹಗಳಿಂದ ಉಪಕೃತನಾದವನು. ಮನೋವಿಜ್ಞಾನಿ ಯುಂಗ್‌ನೊಡನೆ ಸೇರಿ ಅವನು ಆ ವರ್ಷಗಳಲ್ಲಿ ಪ್ರಕಟಿಸಿದ ಶಿಶುದೇವತೆಯ ಅಧ್ಯಯನದಲ್ಲಿ, ಗ್ರೀಕರ ದೇವಶಿಶುಗಳ ಜೊತೆಗೆ, ಪ್ರಳಯಜಲದಲ್ಲಿ ಮಾರ್ಕಂಡೇಯನು ಆಲದ ಮರದಡಿ ಕಂಡ ಬಾಲರೂಪಿ ನಾರಾಯಣನ ಕಥೆಯೂ ಬರುತ್ತದೆ. ಈ ಅಧ್ಯಯನವು ಯುದ್ಧವನ್ನು ದಾಟಿ ಅಮೆರಿಕದಲ್ಲಿದ್ದ ಮಾನ್‌ನ ಕೈಸೇರಿತು.

ಅದಕ್ಕೆ ಮಾನ್ ೧೯೪೧ರ ಫೆಬ್ರವರಿಯಲ್ಲಿ ಬರೆದ ಉತ್ತರವು ಇಡೀ ಪತ್ರವ್ಯವಹಾರದ ಶಿಖರ. ಪುರಾಣ ಮತ್ತು ಮನೋವಿಜ್ಞಾನಗಳ ಕೂಡಿಕೆಯೇ ಈಗ ತನ್ನ ಕ್ಷೇತ್ರವೆಂದೂ, ಫ್ಯಾಸಿಸ್ಟರ ಕೈಯಿಂದ ಪುರಾಣವನ್ನು ಬಿಡಿಸಿ ಅದನ್ನು ಮನುಷ್ಯಹಿತಕ್ಕೆ ತಿರುಗಿಸಲು ಮನೋವಿಜ್ಞಾನವೇ ಸಾಧನವೆಂದೂ ಅವನು ಅದರಲ್ಲಿ ತಿಳಿಸಿದನು. ಅದೇ ತಿಂಗಳುಗಳಲ್ಲಿ ಅವನು ಬ್ರಿಟಿಷ್ ಆಕಾಶವಾಣಿಯ ಮೂಲಕ ಜರ್ಮನ್ ಕೇಳುಗರಿಗೆ ಹಿಟ್ಲರನ ವಿರುದ್ಧ ಭಾಷಣಗಳನ್ನು ಮಾಡುತ್ತಿದ್ದನೆಂಬುದನ್ನು ಮರೆಯಬಾರದು. ಭಾಷಣವೂ ಕಾದಂಬರಿಯೂ ಅವನಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ. ೧೯೩೪ರಲ್ಲಿ ಎಚ್ಚರಿಕೆಯ ರೂಪದಲ್ಲಿದ್ದ ಮಾತು ಏಳು ವರ್ಷಗಳಲ್ಲಿ ಕಾರ್ಯಕ್ರಮವಾಗಿ ಮಾರ್ಪಟ್ಟಿತ್ತು. ಶತ್ರುವು ಹಿಡಿದ ಆಯುಧವನ್ನು ಹಳಿದು ದೂರವಿಡುವುದರಿಂದ ಫಲವಿಲ್ಲ. ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ನೇಗಿಲಾಗಿ ಬಡಿಯಬೇಕು. ಇದು ಅವನು ತಲಪಿದ ನಿರ್ಣಯ.

ಆ ವರ್ಷದ ಡಿಸೆಂಬರ್‌ನಲ್ಲಿ ಹಂಗೆರಿಯು ಅಮೆರಿಕದ ಮೇಲೆ ಯುದ್ಧ ಸಾರಿತು. ಇಬ್ಬರು ಮಿತ್ರರೂ ವೈರಿರಾಜ್ಯಗಳ ನಿವಾಸಿಗಳಾದರು.

೭

ಇದಾದ ಬಳಿಕ ವಿದ್ವಾಂಸನೂ ಲೇಖಕನ ಹಾದಿಯನ್ನೇ ತುಳಿಯಬೇಕಾಯಿತು. ಕೆರೇನಿಯು ೧೯೪೩ರಲ್ಲಿ ಸ್ವಿಟ್ಸರ್ಲೆಂಡಿಗೆ ತೆರಳಿದನು. ೧೯೪೪ರ ಮಾರ್ಚ್‌ನಲ್ಲಿ ಜರ್ಮನ್ ಸೇನೆಯು ಹಂಗೆರಿಯನ್ನು ಆಕ್ರಮಿಸಿತು. ಯುದ್ಧಾನಂತರದ ಹಂಗೆರಿಯಲ್ಲಿಯೂ ಅವನಿಗೆ ನೆಲೆ ದೊರೆಯಲಿಲ್ಲ; ಉಳಿದ ಆಯುಷ್ಯವನ್ನು ಅವನು ಸ್ವಿಟ್ಸರ್ಲೆಂಡಿನಲ್ಲಿಯೇ ಕಳೆದನು. ಯೋಸೇಫ ಕಾದಂಬರಿಯ ಸಂಪುಟಗಳು ಪ್ರಕಟವಾದ ಸ್ಥಳಗಳೂ ಈ ಅಲೆದಾಟವನ್ನು ಸಾರುತ್ತವೆ: 'ಯಾಕೋಬನ ಕಥೆಗಳು' (೧೯೩೩) ಮತ್ತು 'ತರುಣ ಯೋಸೇಫ' (೧೯೩೪) ಬರ್ಲಿನ್ನಿನಲ್ಲಿ, 'ಈಜಿಪ್ಟಿನಲ್ಲಿ ಯೋಸೇಫ' (೧೯೩೬) ವಿಯೆನ್ನಾದಲ್ಲಿ, 'ಅನ್ನದಾತ ಯೋಸೇಫ' (೧೯೪೩) ಸ್ಟಾಕ್‌ಹೋಮಿನಲ್ಲಿ. ಮಾನ್ ೧೯೫೨ರಲ್ಲಿ ಯೂರೋಪಿಗೆ ಮರಳಿದರೂ ಜರ್ಮನಿಯಲ್ಲಿ ನೆಲೆಸಲಿಲ್ಲ. ಜೂರಿಕ್ಕಿನ ಬಳಿಯ ಕಿಲ್ಖ್‌ಬೆರ್ಗ್‌ನಲ್ಲಿ ಅವನ ಸಮಾಧಿಯಿದೆ. ಬಾನ್ ವಿಶ್ವವಿದ್ಯಾಲಯವು ಅವನ ಪದವಿಯನ್ನು ೧೯೪೬ರಲ್ಲಿ ಮರಳಿ ಸಲ್ಲಿಸಿತ್ತು.

ಈ ಆಧಾರವನ್ನು ಬಳಸುವಾಗ ಚರಿತ್ರಕಾರನು ಒಂದು ಜಾಗರೂಕತೆಯನ್ನು ವಹಿಸಬೇಕು. ೧೯೪೫ರ ಗ್ರಂಥದ ಸಂಪಾದಕನು ಆ ಪತ್ರಗಳಲ್ಲಿ ಪಾತ್ರಧಾರಿಯಾದವನೇ. ಅದು ಹೊರಬಂದುದು ಯುದ್ಧ ಮುಗಿದ ವರ್ಷ, ಪ್ರತಿಯೊಬ್ಬ ಬುದ್ಧಿಜೀವಿಯೂ ಕಳೆದ ಹನ್ನೆರಡು ವರ್ಷಗಳಲ್ಲಿ ತಾನೆಲ್ಲಿ ನಿಂತಿದ್ದೆನೆಂದು ಲೆಕ್ಕ ಒಪ್ಪಿಸಬೇಕಾಗಿದ್ದ ಹೊತ್ತಿನಲ್ಲಿ. ಆದುದರಿಂದ ಅದು ದಾಖಲೆಯೂ ಹೌದು, ಒಂದು ನಿವೇದನೆಯೂ ಹೌದು. ಆದರೂ ೧೯೩೪ರ ಪತ್ರಗಳ ಸಾಕ್ಷ್ಯಬಲವು ಇದರಿಂದ ಕುಂದುವುದಿಲ್ಲ. ನಾಜಿ ಪ್ರಭುತ್ವದ ಅಂತ್ಯವನ್ನು ಯಾರೂ ಊಹಿಸಲಾಗದಿದ್ದಾಗ, ಇನ್ನೂ ಜರ್ಮನಿಯ ಪ್ರಕಾಶಕನನ್ನು ಕಳೆದುಕೊಳ್ಳದಿದ್ದ ಲೇಖಕನು, ಪರದೇಶದ ಒಬ್ಬ ಅಪರಿಚಿತ ವಿದ್ವಾಂಸನಿಗೆ ಬರೆದ ಮಾತುಗಳು ಅವು.

ಪುರಾಣವು ಸ್ವತಃ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದನ್ನು ಯಾರು, ಯಾವುದಕ್ಕಾಗಿ ಹೇಳುತ್ತಾರೆಂಬುದರ ಮೇಲೆ ಅದರ ಗತಿ ನಿಂತಿದೆ. ಈ ಎರಡು ದಶಕಗಳ ಸಂವಾದವು ಚರಿತ್ರೆಯ ವಿದ್ಯಾರ್ಥಿಗೆ ಕಲಿಸುವ ಪಾಠ ಇದು. ತನ್ನ ಶಾಸ್ತ್ರವು ರಾಜಕೀಯದಿಂದ ದೂರವಾದುದೆಂದು ನಂಬಿ ಸುಮ್ಮನಿರುವ ವಿದ್ವಾಂಸನ ಕೈಯಿಂದ ಆ ಶಾಸ್ತ್ರವನ್ನು ಕಸಿದುಕೊಳ್ಳಲು ಇತರರು ಕಾದಿರುತ್ತಾರೆ. ಬಾಯ್ಮ್‌ಲರನೂ ಪುರಾಣವನ್ನೇ ಓದಿದ್ದನು, ಕೆರೇನಿಯೂ ಪುರಾಣವನ್ನೇ ಓದಿದ್ದನು. ಒಬ್ಬನ ಓದು ಅವನನ್ನು ಪ್ರಭುತ್ವದ ಪೀಠಕ್ಕೆ ಒಯ್ದಿತು; ಮತ್ತೊಬ್ಬನ ಓದು ಅವನನ್ನು ಪ್ರಭುತ್ವವು ಹೊರಗಟ್ಟಿದವನ ಮನೆಬಾಗಿಲಿಗೆ ಒಯ್ದಿತು.